ಬೂಷ್ಟು ಸತ್ತರೂ ವಿಷ ಉಳಿಯುತ್ತದೆ: ಕೋಳಿಮೇವಿನಿಂದ ನಾನು ಕಲಿತ ಪಾಠ

ಬೋಧನಾಭ್ಯಾಸಕ್ಕೆಂದು ನನ್ನನ್ನು ಹಾಕಿದ್ದು ದಾವಣಗೆರೆ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಗೆ. ನವೆಂಬರ್ ತಿಂಗಳು. ಶಾಲೆಗೆ ಹೋಗುವ ರಸ್ತೆಯ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಹರಡಿತ್ತು. ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಅಂದಿನ ಕಲಿಕಾಂಶ ಆಹಾರ ಕೆಡುವಿಕೆ ಮತ್ತು ಆಹಾರ ಸಂರಕ್ಷಣೆ. ಬೂಷ್ಟು ಹಿಡಿದ ಬ್ರೆಡ್ಡಿನ ತುಂಡನ್ನು ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿ ಒಯ್ದಿದ್ದೆ. ಮಕ್ಕಳು ಗುಂಪಾಗಿ ಬಂದು ಮಸೂರದಲ್ಲಿ ನೋಡಿದರು. ಒಣಗಿಸುವುದು, ಉಪ್ಪು ಹಾಕುವುದು, ಕುದಿಸುವುದು ಎಂದು ಸಂರಕ್ಷಣಾ ವಿಧಾನಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

ಪುನರಾವಲೋಕನದ ಹೊತ್ತಿಗೆ ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮನೇಲಿ ಮೆಕ್ಕೆಜೋಳ ಮಳೇಲಿ ನೆಂದು ಬೂಷ್ಟು ಬಂದೈತೆ. ಅದನ್ನ ಕೋಳಿಗೆ ಹಾಕಬಹುದಾ?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಉತ್ತರ ಹಲಗೆಯ ಮೇಲೇ ಇತ್ತಲ್ಲ! “ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಬೂಷ್ಟನ್ನು ಒರೆಸಿ ತೆಗೆಯಿರಿ. ಬೇಕಿದ್ದರೆ ಒಮ್ಮೆ ಕುದಿಸಿ ಹಾಕಿ. ಸೂಕ್ಷ್ಮಜೀವಿಗಳೆಲ್ಲ ಸತ್ತುಹೋಗುತ್ತವೆ” ಎಂದೆ. ಹುಡುಗಿ ಅದನ್ನು ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಳು. ನನ್ನ ಪಾಠ ನೋಡಲು ಹಿಂದೆ ಕುಳಿತಿದ್ದ ಸಹಪಾಠಿ ವೀಕ್ಷಣಾ ನಮೂನೆಯಲ್ಲಿ “ವಿದ್ಯಾರ್ಥಿಯ ಪ್ರಶ್ನೆಯನ್ನು ನಿತ್ಯಜೀವನಕ್ಕೆ ಹೊಂದಿಸಿ ಉತ್ತರಿಸಿದರು” ಎಂದು ಮೆಚ್ಚಿ ಬರೆದಳು.

ಆ ಉತ್ತರ ತಪ್ಪಾಗಿತ್ತು. ಎಲ್ಲಿ ತಪ್ಪಿದೆ, ಸರಿಯಾದ ಉತ್ತರ ಯಾವುದು, ಅದನ್ನು ಮತ್ತೆ ಹೇಗೆ ಕಲಿಸಿದೆ ಎಂಬುದನ್ನು ಮುಂದಿನ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಬಾಗಿಲಿಗೆ ಬಂದ ತಾಯಿ

ಮೂರು ವಾರದ ನಂತರ ಒಂದು ಬೆಳಿಗ್ಗೆ ಆ ಹುಡುಗಿಯ ತಾಯಿ ಶಾಲೆಗೆ ಬಂದರು. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು 50 ಗಿರಿರಾಜ ಮರಿಗಳನ್ನು ತಂದಿದ್ದರಂತೆ. ಅದರಲ್ಲಿ 17 ಸತ್ತಿದ್ದವು. “ಮಗಳು ನೀವು ಹೇಳಿದ್ದನ್ನ ಬರ್ಕೊಂಡು ಬಂದಿದ್ಲು ಮೇಡಂ. ಹಂಗೇ ಒಣಗಿಸಿ, ಕುದಿಸಿ, ನುಚ್ಚು ಮಾಡಿ ಹಾಕಿದ್ವಿ. ಆದ್ರೂ ಒಂದೊಂದೇ ಹೋಗ್ತಾ ಅದಾವೆ. ಲಸಿಕೆನೂ ಹಾಕ್ಸಿದ್ದೆ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇನ್ನೇನಾದರೂ ಉಪಾಯ ಇದೆಯೇ ಎಂದು ಕೇಳಲು ಬಂದಿದ್ದರು. ಸಿಟ್ಟಾಗಿದ್ದರೇ ನನಗೆ ಹಗುರವಾಗುತ್ತಿತ್ತೇನೋ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವರ ಜೊತೆ ಪಶು ಆಸ್ಪತ್ರೆಗೆ ಹೋದೆ. ಅಂದು ಬೆಳಿಗ್ಗೆಯಷ್ಟೇ ಸತ್ತಿದ್ದ ಮರಿಯೊಂದನ್ನು ಅವರು ಚೀಲದಲ್ಲಿ ತಂದಿದ್ದರು. ವೈದ್ಯರು ಅದನ್ನು ಕೊಯ್ದು ಯಕೃತ್ತನ್ನು ತೋರಿಸಿದರು. ಆರೋಗ್ಯವಾಗಿರುವ ಕೋಳಿಯ ಯಕೃತ್ತು ಕಡುಗೆಂಪು ಕಂದು ಬಣ್ಣದ್ದು. ಇದು ಊದಿಕೊಂಡು, ಬಿಳಿಚಿ, ಹಳದಿಗೆ ತಿರುಗಿತ್ತು. ಅಲ್ಲಲ್ಲಿ ರಕ್ತದ ಚುಕ್ಕೆಗಳಿದ್ದವು. “ಇದನ್ನಷ್ಟೇ ನೋಡಿ ಖಂಡಿತ ಹೀಗೇ ಎಂದು ಹೇಳಲಾಗದು. ಮೇವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಆದರೆ ಬೂಷ್ಟಿನ ಜೋಳ ಹಾಕಿದ್ದೀರಿ ಅನ್ನುತ್ತೀರಿ, ಯಕೃತ್ತು ಹೀಗಿದೆ. ಆ ಜೋಳವನ್ನು ಇವತ್ತೇ ನಿಲ್ಲಿಸಿ” ಎಂದರು.

ತರಗತಿಯಲ್ಲಿ ನಾನು ಹೇಳಿದ್ದನ್ನು ಅವರ ಮುಂದೆ ಒಪ್ಪಿಕೊಂಡೆ. ಕೈ ತೊಳೆಯುತ್ತಾ ಅವರು ಹೇಳಿದರು: “ಬೂಷ್ಟು ಸತ್ತಿರುತ್ತೆ ಮೇಡಂ, ಅದು ನಿಜ. ಆದರೆ ಅದು ಬಿಟ್ಟುಹೋದ ವಿಷ ಸಾಯೋಕೆ ಅದಕ್ಕೆ ಜೀವ ಎಲ್ಲಿದೆ?”

ನನ್ನ ಪಾಠದಲ್ಲಿ ಇಲ್ಲದಿದ್ದ ವಾಕ್ಯ ಅದೇ.

ಜೀವಿ ಬೇರೆ, ಜೀವಿ ಮಾಡಿದ ವಸ್ತು ಬೇರೆ

ಬೂಷ್ಟು ಒಂದು ಶಿಲೀಂಧ್ರ. ಅದು ಜೀವಿ. ಅದಕ್ಕೆ ನೀರು, ಆಹಾರ, ಹದವಾದ ಉಷ್ಣತೆ ಬೇಕು. ಒಣಗಿಸಿದರೆ ಅದರ ಬೆಳವಣಿಗೆ ನಿಲ್ಲುತ್ತದೆ, ಕುದಿಸಿದರೆ ಸಾಯುತ್ತದೆ. ನಾನು ಹೇಳಿದ್ದರಲ್ಲಿ ಇಷ್ಟು ಸರಿ.

ಆದರೆ ಕೆಲವು ಶಿಲೀಂಧ್ರಗಳು ಬೆಳೆಯುವಾಗ ತಾವು ಬೆಳೆದ ಕಾಳಿನೊಳಗೆ ಕೆಲವು ರಾಸಾಯನಿಕಗಳನ್ನು ತಯಾರಿಸಿ ಬಿಡುತ್ತವೆ. ಅವುಗಳಲ್ಲಿ ಪ್ರಾಣಿಗಳಿಗೆ ವಿಷವಾದವನ್ನು ಶಿಲೀಂಧ್ರ ವಿಷಗಳು ಎನ್ನುತ್ತಾರೆ. ಮೆಕ್ಕೆಜೋಳ, ಶೇಂಗಾ, ಶೇಂಗಾ ಹಿಂಡಿ, ಹತ್ತಿಬೀಜ ಇವುಗಳ ಮೇಲೆ ಬರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬಣ್ಣದ ಬೂಷ್ಟು ಮಾಡುವ ವಿಷವೇ ಅಫ್ಲಾಟಾಕ್ಸಿನ್. ಇದು ಜೀವಿಯಲ್ಲ, ಅಣು. ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಜಗ್ಗುವುದಿಲ್ಲ. ಶುದ್ಧ ರೂಪದಲ್ಲಿರುವ ಅಫ್ಲಾಟಾಕ್ಸಿನ್ ಬಿ1 ಒಡೆಯಲು 260 ಡಿಗ್ರಿಗೂ ಮೀರಿದ ಶಾಖ ಬೇಕು. ಯಾವ ಮನೆಯ ಒಲೆಯ ಮೇಲಿನ ಪಾತ್ರೆಯೂ ಆ ಕೆಲಸ ಮಾಡದು.

ಒರೆಸುವುದರಿಂದಲೂ ಪ್ರಯೋಜನ ಕಡಿಮೆ. ನಮ್ಮ ಕಣ್ಣಿಗೆ ಕಾಣುವ ಹಸಿರು ಪುಡಿ ಶಿಲೀಂಧ್ರದ ಬೀಜಕಗಳು ಮಾತ್ರ. ಅದರ ಎಳೆಗಳು ಕಾಳಿನ ಒಳಗೆ ಇಳಿದಿರುತ್ತವೆ, ವಿಷವೂ ಅಲ್ಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ನಾವು ಗುರುತಿಸಬಹುದಾದ ವಾಸನೆಯೂ ಇಲ್ಲ. ಹಾಗಾಗಿ ಚೆನ್ನಾಗಿ ಕಾಣುವ ಕಾಳಿನಲ್ಲೂ ವಿಷ ಇರಬಹುದು. ಬೂಷ್ಟು ಇದ್ದ ಮಾತ್ರಕ್ಕೆ ಈ ವಿಷ ಇದ್ದೇ ಇರಬೇಕೆಂದೂ ಇಲ್ಲ, ಏಕೆಂದರೆ ಎಲ್ಲ ಬೂಷ್ಟೂ ವಿಷ ಮಾಡುವುದಿಲ್ಲ. ಕಣ್ಣಿಗೆ ಕಂಡ ಬೂಷ್ಟು ಎಚ್ಚರಿಕೆಯ ಗುರುತು ಮಾತ್ರ. ವಿಷ ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯ ಹೇಳಬೇಕು.

ಪಠ್ಯಪುಸ್ತಕದಲ್ಲಿ ಇದರ ಸುಳಿವು ಇದೆ. ಆಹಾರದ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಕೆಲವೊಮ್ಮೆ ವಿಷವಸ್ತುಗಳನ್ನು ಉಂಟುಮಾಡುತ್ತವೆ ಎಂಬ ಮಾತು ಬಂದುಹೋಗುತ್ತದೆ. ನಾನು ಅದನ್ನು ಓದಿಸಿದ್ದೆ, ವಿವರಿಸಿರಲಿಲ್ಲ.

ಎಕ್ಸ್ ಎಂಬ ರೋಗ

ಈ ವಿಷ ವಿಜ್ಞಾನಿಗಳ ಗಮನಕ್ಕೆ ಬಂದದ್ದೂ ಸಾಕುಪಕ್ಷಿಗಳಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಸೋಂಕು ಎಂದು ಹುಡುಕಿದರೆ ಯಾವ ರೋಗಾಣುವೂ ಸಿಗಲಿಲ್ಲ. ಕಾರಣ ಗೊತ್ತಿಲ್ಲದ್ದರಿಂದ ಅದನ್ನು ಟರ್ಕಿ ಎಕ್ಸ್ ರೋಗ ಎಂದು ಕರೆದರು. ಬಾತುಕೋಳಿಯ ಮರಿಗಳೂ ಹಾಗೇ ಸತ್ತವು. ಸತ್ತ ಹಕ್ಕಿಗಳು ತಿಂದಿದ್ದ ಮೇವಿನ ಜಾಡು ಹಿಡಿದು ಹೋದಾಗ ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ ಸಿಕ್ಕಿತು. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಬೆಳೆದಿತ್ತು. ಆಸ್ಪರ್ಜಿಲಸ್‌ನ ಮೊದಲ ಅಕ್ಷರ, ಫ್ಲೇವಸ್‌ನ ಮೊದಲ ಭಾಗ, ಮುಂದೆ ವಿಷ ಎಂಬರ್ಥದ ಟಾಕ್ಸಿನ್ ಸೇರಿ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ನೇರಳಾತೀತ ಬೆಳಕಿನಲ್ಲಿ ಅದರ ಕೆಲವು ಬಗೆಗಳು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆಯುತ್ತವೆ. ಇಂಗ್ಲಿಷಿನಲ್ಲಿ ಆ ಬಣ್ಣಗಳ ಹೆಸರಿನ ಮೊದಲಕ್ಷರದಿಂದಲೇ ಬಿ1, ಬಿ2, ಜಿ1, ಜಿ2 ಎಂಬ ಹೆಸರುಗಳು ಬಂದವು. ಅವುಗಳಲ್ಲಿ ಬಿ1 ಅತ್ಯಂತ ಉಗ್ರ.

ರೋಗಾಣುವಿಲ್ಲದೆಯೂ ರೋಗ ಬರಬಹುದು, ಹರಡುತ್ತಿರುವಂತೆ ಕಾಣುವುದೆಲ್ಲ ಅಂಟುರೋಗವಲ್ಲ ಎಂದು ಮಕ್ಕಳಿಗೆ ತಿಳಿಸಲು ಈ ಘಟನೆ ತುಂಬ ಒಳ್ಳೆಯದು. ಒಂದೇ ಚೀಲದ ಮೇವು ತಿಂದ ಹಕ್ಕಿಗಳೆಲ್ಲ ಒಟ್ಟಿಗೆ ಕಾಯಿಲೆ ಬಿದ್ದಾಗ ಒಂದರಿಂದ ಒಂದಕ್ಕೆ ಹರಡಿದಂತೆಯೇ ತೋರುತ್ತದೆ.

ಕೋಳಿಯ ದೇಹದೊಳಗೆ

ಮೇವಿನ ಜೊತೆ ಹೋದ ಅಫ್ಲಾಟಾಕ್ಸಿನ್ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಸೇರುತ್ತದೆ. ಬೇಡದ ವಸ್ತುಗಳನ್ನು ಬದಲಾಯಿಸಿ ಹೊರಹಾಕುವುದು ಯಕೃತ್ತಿನ ಕೆಲಸ. ಆದರೆ ಈ ವಿಷವನ್ನು ಬದಲಾಯಿಸಲು ಹೋದಾಗ ಅದು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿ, ಯಕೃತ್ತಿನ ಜೀವಕೋಶಗಳ ಡಿಎನ್‌ಎ ಮತ್ತು ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಯಕೃತ್ತು ಪ್ರೋಟೀನು ತಯಾರಿಸುವುದು ಕುಂಠಿತವಾಗುತ್ತದೆ, ಕೊಬ್ಬು ಅಲ್ಲೇ ಶೇಖರವಾಗುತ್ತದೆ. ನಾನು ಕಂಡ ಹಳದಿ ಬಣ್ಣಕ್ಕೆ ಆ ಕೊಬ್ಬೇ ಕಾರಣ.

ಒಂದು ಅಂಗ ಸೋತರೆ ಬೇರೆ ಯಾವುದೆಲ್ಲ ಸೋಲುತ್ತದೆ ಎಂಬುದನ್ನು ಕೋಳಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಯಕೃತ್ತು ತಯಾರಿಸುತ್ತದೆ. ಅವು ಕಡಿಮೆಯಾದರೆ ಸಣ್ಣ ಪೆಟ್ಟಿಗೂ ಚರ್ಮದಡಿ ರಕ್ತ ಕಟ್ಟುತ್ತದೆ. ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಕೊಬ್ಬು ಮತ್ತು ಪ್ರೋಟೀನು ಬರುವುದೂ ಯಕೃತ್ತಿನಿಂದಲೇ. ಹಾಗಾಗಿ ಮೊಟ್ಟೆ ಇಡುವ ಕೋಳಿಗಳಲ್ಲಿ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ಗಾತ್ರವೂ ಸಣ್ಣದಾಗುತ್ತದೆ. ಮೇವಿನಲ್ಲಿರುವ ಹಳದಿ ವರ್ಣದ್ರವ್ಯ ಸರಿಯಾಗಿ ಹೀರಿಕೆಯಾಗದೆ ಕಾಲು, ಕೊಕ್ಕು ಬಿಳಿಚಿಕೊಳ್ಳುತ್ತವೆ. ಮರಿಗಳು ತಿಂದರೂ ತೂಕ ಏರುವುದಿಲ್ಲ, ಒಂದೇ ವಯಸ್ಸಿನ ಮರಿಗಳಲ್ಲಿ ದೊಡ್ಡದು ಸಣ್ಣದೆಂಬ ವ್ಯತ್ಯಾಸ ಎದ್ದು ಕಾಣುತ್ತದೆ.

ಲಸಿಕೆ ಹಾಕಿಸಿದ್ದೆ ಎಂದು ಆ ತಾಯಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಹಕ್ಕಿಗಳಲ್ಲಿ ಬರ್ಸಾ ಎಂಬ ಪುಟ್ಟ ಅಂಗವಿದೆ. ರೋಗದ ವಿರುದ್ಧ ಪ್ರತಿಕಾಯಗಳನ್ನು ಮಾಡುವ ಬಿಳಿ ರಕ್ತಕಣಗಳು ಪಳಗುವುದು ಅಲ್ಲಿ. ಅಫ್ಲಾಟಾಕ್ಸಿನ್ ಈ ಬರ್ಸಾವನ್ನೂ ಥೈಮಸ್ ಗ್ರಂಥಿಯನ್ನೂ ಕುಗ್ಗಿಸುತ್ತದೆ. ಲಸಿಕೆ ತಾನೇ ರಕ್ಷಣೆ ಕೊಡುವುದಿಲ್ಲ, ದೇಹಕ್ಕೆ ರಕ್ಷಣೆ ತಯಾರಿಸಿಕೊಳ್ಳಲು ಹೇಳಿಕೊಡುತ್ತದೆ ಅಷ್ಟೆ. ಕಲಿಯಬೇಕಾದ ಅಂಗವೇ ಕುಗ್ಗಿದ್ದರೆ ಹಾಕಿದ ಲಸಿಕೆ ಪೂರ್ತಿ ಫಲ ಕೊಡುವುದಿಲ್ಲ. ಆಗ ಕೊಕ್ಕರೆ ರೋಗವೋ ಗುಂಬೊರೊ ರೋಗವೋ ಬಂದು ಕೋಳಿ ಸಾಯುತ್ತದೆ. ನಾವು ಲಸಿಕೆಯನ್ನು ಬೈಯುತ್ತೇವೆ. ಮೇವಿನ ಚೀಲದ ಕಡೆಗೆ ಯಾರೂ ನೋಡುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಹಳ ದಿನ ಹೋಗುವ ವಿಷದ ಅಪಾಯ ಇರುವುದೇ ಹೀಗೆ.

ಶಿಲೀಂಧ್ರ ವಿಷ ಇದೊಂದೇ ಅಲ್ಲ. ಓಕ್ರಾಟಾಕ್ಸಿನ್ ಮುಖ್ಯವಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೋಳಿ ಹೆಚ್ಚು ನೀರು ಕುಡಿಯುತ್ತದೆ, ಹಿಕ್ಕೆ ನೀರಾಗುತ್ತದೆ. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಮಾಡುವ ಟಿ-2 ಎಂಬ ವಿಷದಿಂದ ಬಾಯೊಳಗೆ, ಕೊಕ್ಕಿನ ಅಂಚಿನಲ್ಲಿ ಹುಣ್ಣಾಗಿ ಕೋಳಿ ಮೇವನ್ನೇ ಬಿಡುತ್ತದೆ. ಒಂದೇ ಮೇವಿನಲ್ಲಿ ಎರಡು ಮೂರು ವಿಷಗಳು ಒಟ್ಟಿಗೆ ಇರಲೂಬಹುದು. ಬಾತುಕೋಳಿ ಮರಿ ಮತ್ತು ಟರ್ಕಿ ಮರಿಗಳು ಅಫ್ಲಾಟಾಕ್ಸಿನ್‌ಗೆ ಬಹುಬೇಗ ಬಲಿಯಾಗುತ್ತವೆ. ಕೋಳಿ ಅವಕ್ಕಿಂತ ತಡೆಯುತ್ತದೆ. ಆದರೆ ದೊಡ್ಡ ಕೋಳಿ ತಡೆದಷ್ಟನ್ನು ಕೋಳಿಮರಿ ತಡೆಯದು. ಅದೇ ಮನೆಯ ನಾಟಿ ಕೋಳಿಗಳು ಓಡಾಡಿಕೊಂಡಿದ್ದು ಮರಿಗಳಷ್ಟೇ ಸತ್ತದ್ದಕ್ಕೆ ಇದೂ ಒಂದು ಕಾರಣವಿರಬಹುದು. ಅವು ಹಿತ್ತಿಲಲ್ಲಿ ಹುಳ, ಸೊಪ್ಪು ಎಂದು ಬೇರೆಯದನ್ನೂ ತಿನ್ನುತ್ತಿದ್ದವು. ಗೂಡಿನಲ್ಲಿದ್ದ ಮರಿಗಳಿಗೆ ಆ ಜೋಳವೇ ಗತಿಯಾಗಿತ್ತು.

ರಾಗಿಕಾಳಿನ ಲೆಕ್ಕ

ಕೋಳಿಮೇವಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಒಂದು ಕಿಲೋಗ್ರಾಂಗೆ 20 ಮೈಕ್ರೋಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಬ್ಯೂರೋದ ಮಾನಕ ಹೇಳುತ್ತದೆ. ಅಂದರೆ ನೂರು ಕೋಟಿ ಭಾಗದಲ್ಲಿ 20 ಭಾಗ. ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ನನಗೂ ಅನ್ನಿಸಿರಲಿಲ್ಲ.

ಆದ್ದರಿಂದ ಹೀಗೆ ಮಾಡಿದೆವು. ಮೇವಿನ ಒಂದು ಚೀಲ 50 ಕಿಲೋ. ಅದಕ್ಕೆ 20 ಮೈಕ್ರೋಗ್ರಾಂನಂತೆ ಲೆಕ್ಕ ಹಾಕಿದರೆ 1000 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ. ಒಂದು ಮಿಲಿಗ್ರಾಂ ಎಂದರೆ ಎಷ್ಟು? ತರಗತಿಯನ್ನು ಹತ್ತು ಗುಂಪು ಮಾಡಿ ಪ್ರತಿ ಗುಂಪಿನಿಂದ ನೂರು ರಾಗಿಕಾಳು ಎಣಿಸಿದೆ. ಆ ಸಾವಿರ ಕಾಳುಗಳನ್ನು ಊರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆವು. 2.7 ಗ್ರಾಂ ಬಂತು. ಅಂದರೆ ಒಂದು ರಾಗಿಕಾಳಿನ ತೂಕ 2.7 ಮಿಲಿಗ್ರಾಂ. ಚೀಲಕ್ಕೆ ಇರಬಹುದಾದ ವಿಷದ ಮಿತಿ ಒಂದು ರಾಗಿಕಾಳಿನ ಮೂರನೆಯ ಒಂದು ಭಾಗಕ್ಕಿಂತ ಚೂರು ಹೆಚ್ಚು, ಅಷ್ಟೆ! ಹಿಂದಿನ ಬೆಂಚಿನ ಹುಡುಗನೊಬ್ಬ ರಾಗಿಕಾಳೊಂದನ್ನು ಉಗುರಿನ ಮೇಲಿಟ್ಟು ಬಹಳ ಹೊತ್ತು ನೋಡುತ್ತಿದ್ದ. “ಇಷ್ಟನ್ನ ಹೆಂಗೆ ಹುಡುಕ್ತಾರೆ ಮಿಸ್?” ಎಂದ. ಕಣ್ಣಿನಿಂದ ಹುಡುಕಲಾಗದು ಎಂಬ ಮಾತು ಅವನಿಗೆ ಅರ್ಥವಾಗಿತ್ತು.

ಹೊಲದಿಂದ ಚೀಲದವರೆಗೆ

ವಿಷವನ್ನು ತೆಗೆಯುವುದು ಕಷ್ಟ, ಆಗದಂತೆ ತಡೆಯುವುದೇ ದಾರಿ. ತಡೆಯಬೇಕಾದರೆ ಬೂಷ್ಟು ಯಾವಾಗ ಹಿಡಿಯುತ್ತದೆ ಎಂದು ತಿಳಿಯಬೇಕು. ಆಸ್ಪರ್ಜಿಲಸ್ ಫ್ಲೇವಸ್‌ಗೆ 25ರಿಂದ 35 ಡಿಗ್ರಿ ಉಷ್ಣತೆ ಹಿತ. ನಮ್ಮ ಊರುಗಳಲ್ಲಿ ವರ್ಷದ ಬಹುಪಾಲು ಇರುವುದು ಅಷ್ಟೇ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ತೇವ ಮಾತ್ರ. ಕೊಯ್ಲಿನ ಹೊತ್ತಿಗೆ ಮೆಕ್ಕೆಜೋಳದಲ್ಲಿ ಶೇಕಡಾ 20ಕ್ಕೂ ಹೆಚ್ಚು ತೇವಾಂಶ ಇರುತ್ತದೆ. ಕೂಡಿಡಲು ಅದು ಶೇಕಡಾ 13ರ ಆಸುಪಾಸಿಗೆ ಇಳಿಯಬೇಕು.

ಹೊಲದಲ್ಲಿ ತೆನೆಗೆ ಹುಳು ಬಿದ್ದು ಕಾಳು ಗಾಯವಾದರೆ ಶಿಲೀಂಧ್ರ ಅಲ್ಲೇ ಒಳಸೇರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ರಾಶಿ ನೆನೆಯುತ್ತದೆ. ಅರೆಬರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಚೀಲದ ಒಳಗೆ ಬೆವರುತ್ತದೆ. ಒಕ್ಕುವ ಯಂತ್ರದಲ್ಲಿ ಒಡೆದ ಕಾಳಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಆ ಮನೆಯಲ್ಲಿ ಆದದ್ದೂ ಇದೇ. ಮಳೆಗೆ ನೆಂದ ರಾಶಿಯನ್ನು ಟಾರ್ಪಾಲು ಮುಚ್ಚಿ ನಾಲ್ಕು ದಿನ ಇಟ್ಟಿದ್ದರು. ಚೆನ್ನಾಗಿದ್ದದ್ದು ಮಾರುಕಟ್ಟೆಗೆ ಹೋಯಿತು, ಮಾರಾಟವಾಗದ್ದು ಕೋಳಿಗೆ ಉಳಿಯಿತು. ಇದು ಒಂದು ಮನೆಯ ರೂಢಿಯಲ್ಲ. ಮನುಷ್ಯರಿಗೆ ಆಗದ್ದು ಕೋಳಿಗೆ, ದನಕ್ಕೆ ಎಂಬ ಲೆಕ್ಕ ನಮ್ಮ ಕಡೆ ಮನೆಮನೆಯಲ್ಲೂ ಇದೆ.

ಹಾಗೆಂದು ಮನುಷ್ಯರು ತಪ್ಪಿಸಿಕೊಂಡಿಲ್ಲ. 1974ರ ಕೊನೆಯಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಕಾಲವಲ್ಲದ ಕಾಲದ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಿಗೆ ಯಕೃತ್ತಿನ ಕಾಯಿಲೆ ಬಂತು. 397 ಜನ ಕಾಯಿಲೆ ಬಿದ್ದು 106 ಜನ ಸತ್ತರು. ಅದೇ ಆಹಾರ ತಿಂದ ಮನೆಯ ನಾಯಿಗಳೂ ಸತ್ತವು. ಹೆಚ್ಚು ಕಾಲ ದೇಹ ಸೇರುವ ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಕಾರಣ.

ಮತ್ತೆ ಅದೇ ತರಗತಿಗೆ

ಮಾರ್ಗದರ್ಶಿ ಶಿಕ್ಷಕರನ್ನು ಕೇಳಿ ಒಂದು ಅವಧಿಯನ್ನು ಹೆಚ್ಚಿಗೆ ಪಡೆದೆ. ತರಗತಿಗೆ ಹೋದವಳೇ “ಮೂರು ವಾರದ ಹಿಂದೆ ನಾನು ಹೇಳಿದ ಒಂದು ಉತ್ತರ ತಪ್ಪು. ಇವತ್ತು ಅದನ್ನು ತಿದ್ದೋಣ” ಎಂದೆ. ಆ ಹುಡುಗಿಯ ಹೆಸರು ಎತ್ತಲಿಲ್ಲ. ಅವಳ ಮನೆಯ ನಷ್ಟ ತರಗತಿಯ ಉದಾಹರಣೆಯಾಗುವುದು ನನಗೆ ಬೇಡವಾಗಿತ್ತು.

ಜೀವಿ ಸತ್ತರೂ ಅದು ಮಾಡಿದ ವಸ್ತು ಉಳಿಯುತ್ತದೆ ಎಂದು ತೋರಿಸಬೇಕಿತ್ತು. ವಿಷವನ್ನು ತರಗತಿಗೆ ತರಲಾಗದು. ಹಾಗಾಗಿ ಮಜ್ಜಿಗೆ ತಂದೆ. “ಮಜ್ಜಿಗೆ ಹುಳಿ ಮಾಡುವಾಗ ಅಮ್ಮ ಮಜ್ಜಿಗೆಯನ್ನು ಕಾಯಿಸುತ್ತಾರಲ್ಲ, ಹುಳಿ ಹೋಗುತ್ತದೆಯೇ?” ಎಂದು ಕೇಳಿದೆ. ಇಲ್ಲ ಎಂದರು. “ಹಾಲನ್ನು ಹುಳಿ ಮಾಡಿದವರು ಯಾರು?” ಬ್ಯಾಕ್ಟೀರಿಯಾ ಎಂದರು. “ಕುದಿಸಿದ ಮೇಲೆ ಬ್ಯಾಕ್ಟೀರಿಯಾ ಇದೆಯೇ?” ಇಲ್ಲಿ ತರಗತಿ ಎರಡು ಗುಂಪಾಯಿತು. ಹುಳಿ ಇದೆ ಎಂದರೆ ಬ್ಯಾಕ್ಟೀರಿಯಾ ಇದ್ದೇ ಇದೆ ಎಂದು ಅರ್ಧ ತರಗತಿ ವಾದಿಸಿತು. ನನ್ನ ಹಳೆಯ ತಪ್ಪಿನ ಬೇರು ಇದೇ ಅಲ್ಲವೇ? ಜೀವಿಯನ್ನೂ ಅದರ ವಸ್ತುವನ್ನೂ ಒಂದೇ ಎಂದು ತಿಳಿಯುವುದು.

ಹುಳಿ ಮಜ್ಜಿಗೆಯನ್ನು ಎರಡು ಪಾಲು ಮಾಡಿ ಒಂದನ್ನು ಬಿಸಿಯೂಟದ ಅಡುಗೆಮನೆಯಲ್ಲಿ ಚೆನ್ನಾಗಿ ಕುದಿಸಿ ಆರಿಸಿದೆವು. ಎರಡಕ್ಕೂ ನೀಲಿ ಲಿಟ್ಮಸ್ ಕಾಗದ ಅದ್ದಿದಾಗ ಎರಡರಲ್ಲೂ ಕೆಂಪಾಯಿತು. ಆಮ್ಲ ಎರಡರಲ್ಲೂ ಇದೆ. ಬಳಿಕ ಕಾಯಿಸಿ ಉಗುರುಬೆಚ್ಚಗಾದ ಹಾಲನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಹಸಿ ಮಜ್ಜಿಗೆ ಒಂದು ಚಮಚ, ಇನ್ನೊಂದಕ್ಕೆ ಕುದಿಸಿದ ಮಜ್ಜಿಗೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಟ್ಟೆವು. ಮರುದಿನ ಮೊದಲನೆಯದು ಮೊಸರಾಗಿತ್ತು, ಎರಡನೆಯದು ಆಗಿರಲಿಲ್ಲ. ಕುದಿಸಿದ್ದರಲ್ಲಿ ಹೆಪ್ಪಾಗಿಸುವ ಜೀವಿ ಸತ್ತಿದೆ, ಆದರೆ ಹುಳಿ ಉಳಿದಿದೆ ಎಂದು ಮಕ್ಕಳೇ ಬರೆದರು. ಪೆನ್ಸಿಲಿನ್‌ನ ಪ್ರಸ್ತಾಪವೂ ಇದೇ ಪಾಠದಲ್ಲಿದೆ. ಆ ಔಷಧಿಯೊಳಗೆ ಶಿಲೀಂಧ್ರ ಇಲ್ಲ, ಶಿಲೀಂಧ್ರ ಮಾಡಿದ ವಸ್ತುವಿದೆ. ಒಂದು ಬೂಷ್ಟು ಮಾಡಿದ ವಸ್ತು ನಮಗೆ ಔಷಧ, ಇನ್ನೊಂದು ಮಾಡಿದ್ದು ವಿಷ. ಇಷ್ಟು ಹೇಳಿದ ಮೇಲೆ ಅಫ್ಲಾಟಾಕ್ಸಿನ್ ಅರ್ಥವಾಗಲು ಐದು ನಿಮಿಷವೂ ಬೇಕಾಗಲಿಲ್ಲ.

ಒಬ್ಬ ಹುಡುಗ “ಹಂಗಾದ್ರೆ ಜೋಳ ತೊಳೆದ್ರೆ ಹೋಗುತ್ತಾ ಮಿಸ್?” ಎಂದು ಕೇಳಿದ. ಮಜ್ಜಿಗೆಯ ಹೋಲಿಕೆಯ ಮಿತಿಯೂ ಅಲ್ಲೇ ಗೊತ್ತಾಯಿತು. ಮಜ್ಜಿಗೆಯ ಆಮ್ಲ ನೀರಿನಲ್ಲಿ ಕರಗುತ್ತದೆ. ಅಫ್ಲಾಟಾಕ್ಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಮೇಲಾಗಿ ಅದು ಕಾಳಿನ ಒಳಗಿದೆ. ತೊಳೆದರೆ ಮೇಲಿನ ಪುಡಿ ಹೋಗಬಹುದು, ಕಾಳು ಮತ್ತೆ ನೆನೆಯುತ್ತದೆ. ಈ ಸಲ ಉತ್ತರವನ್ನು ಮೊದಲೇ ಓದಿಕೊಂಡು ಹೋಗಿದ್ದೆ.

ವಿಸ್ತರಣೆಯ ಹಂತದಲ್ಲಿ ಉಪ್ಪಿನ ಬಾಟಲಿಯ ಪರೀಕ್ಷೆ ಮಾಡಿಸಿದೆ. ಪೂರ್ತಿ ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗದಷ್ಟು ಜೋಳ ಹಾಕಿ, ಬಿಸಿಲಿನಲ್ಲಿ ಒಣಗಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಸೇರಿಸಿ, ಮುಚ್ಚಳ ಹಾಕಿ ಒಂದು ನಿಮಿಷ ಚೆನ್ನಾಗಿ ಕುಲುಕಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಬೇಕು. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿದರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚು, ಜೋಳ ಇನ್ನೂ ಒಣಗಬೇಕು. ಅಂಟದಿದ್ದರೆ ಅದಕ್ಕಿಂತ ಕಡಿಮೆ. ಮಕ್ಕಳು ತಂತಮ್ಮ ಮನೆಯ ಜೋಳ ತಂದು ಮಾಡಿದರು. ಹನ್ನೊಂದು ಬಾಟಲಿಗಳಲ್ಲಿ ನಾಲ್ಕಕ್ಕೆ ಉಪ್ಪು ಅಂಟಿತು. ಆ ನಾಲ್ವರು ಅಂದು ಸಂಜೆ ಮನೆಗೆ ಹೋಗಿ ಚೀಲ ಬಿಚ್ಚಿಸಿದರಂತೆ.

ಮನೆಗೆ ಕಳಿಸಿದ ಮಾತುಗಳು

ಪಶುವೈದ್ಯರಿಂದ ತಿದ್ದಿಸಿಕೊಂಡು ಈ ಮಾತುಗಳನ್ನು ಮಕ್ಕಳಿಂದ ಬರೆಯಿಸಿ ಕಳಿಸಿದೆ.

ಜೋಳವನ್ನು ಒಣಗಿಸುವುದು ಬೂಷ್ಟು ಬರುವ ಮೊದಲು, ಬಂದ ಮೇಲಲ್ಲ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಎಂದು ಒಡೆಯುವಷ್ಟು ಒಣಗಿರಲಿ. ಕಚ್ಚಿ ನೋಡುವುದು ಚೆನ್ನಾಗಿರುವ ಕಾಳನ್ನು ಮಾತ್ರ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಿ. ಒಡೆದ, ಮುರುಟಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯಿರಿ, ಏಕೆಂದರೆ ವಿಷದ ಹೆಚ್ಚಿನ ಪಾಲು ಇಂಥವುಗಳಲ್ಲೇ ಇರುತ್ತದೆ. ಬೂಷ್ಟು ಹಿಡಿದದ್ದನ್ನು ಒಳ್ಳೆಯ ಜೋಳದ ಜೊತೆ ಬೆರೆಸಬೇಡಿ. ಕೋಳಿಗೆ ಬೇಡವೆಂದು ಹಸುವಿಗೂ ಹಾಕಬೇಡಿ. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಭಾಗ ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ, ಆ ಹಾಲನ್ನು ಕುಡಿಯುವವರು ನೀವೇ. ಮೇವಿನ ತೊಟ್ಟಿಯ ಮೂಲೆಯಲ್ಲಿ ಗಟ್ಟಿಕಟ್ಟಿದ ಹಳೆಯ ಮೇವನ್ನು ಕೆರೆದು ತೆಗೆಯಿರಿ. ಬೂಷ್ಟಿನ ಚೀಲ ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೋಳಿ ಸತ್ತರೆ ಎಸೆಯುವ ಮೊದಲು ಪಶುವೈದ್ಯರಿಗೆ ತೋರಿಸಿ, ಮೇವಿನ ಮಾದರಿಯನ್ನೂ ಒಯ್ಯಿರಿ.

ಬೆಂಟೊನೈಟ್ ಎಂಬ ಒಂದು ಬಗೆಯ ಜೇಡಿಮಣ್ಣನ್ನು ಮೇವಿಗೆ ಬೆರೆಸುತ್ತಾರೆ ಎಂದೂ ವೈದ್ಯರು ತಿಳಿಸಿದರು. ಅದು ಕರುಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಹಿಕ್ಕೆಯ ಜೊತೆ ಹೊರಹಾಕುತ್ತದೆ. ಆದರೆ ಟಿ-2ನಂಥ ವಿಷಗಳ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಎಷ್ಟು ಹಾಕಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಕೆಟ್ಟ ಮೇವನ್ನು ಖರ್ಚು ಮಾಡಲು ಅದು ಪರವಾನಗಿಯಲ್ಲ.

ಕೊನೆಯ ಮಾತು

ಆ ಮನೆಯವರು ಉಳಿದಿದ್ದ ಎರಡು ಚೀಲ ಜೋಳವನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಹೂತರು. ಅದೂ ನಷ್ಟವೇ. ಬೇರೆ ಮೇವು ಹಾಕಿದ ಮೇಲೆ ಇನ್ನೂ ಮೂರು ಮರಿ ಸತ್ತವು, ಆಮೇಲೆ ನಿಂತಿತು. 30 ಉಳಿದವು. ನನ್ನ ಮಾತಿನಿಂದಲೇ ಮರಿಗಳು ಸತ್ತವೆಂದು ಸಾಬೀತು ಮಾಡಲಾಗದು, ಏಕೆಂದರೆ ಜೋಳ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಹಾಕಬೇಡಿ ಎಂದು ಹೇಳಬಹುದಾಗಿದ್ದ ದಿನ ನಾನು ಹಾಕಿ ಎಂದೆ ಎಂಬುದಂತೂ ನಿಜ.

ನಮ್ಮ ಪಾಠಯೋಜನೆಯಲ್ಲಿ ಪೂರ್ವಜ್ಞಾನ, ಬೋಧನೋಪಕರಣ, ಮೌಲ್ಯಮಾಪನ ಎಲ್ಲಕ್ಕೂ ಅಂಕಣಗಳಿವೆ. ಈಗ ನಾನು ಕೊನೆಯಲ್ಲಿ ಇನ್ನೊಂದು ಸಾಲು ಬರೆದುಕೊಳ್ಳುತ್ತೇನೆ: ಈ ಪಾಠದ ಯಾವ ಮಾತನ್ನು ಮಗು ಮನೆಗೆ ಒಯ್ದು ಮಾಡಿ ನೋಡಬಹುದು? ಆ ಮಾತನ್ನು ನಾನು ಯಾರನ್ನಾದರೂ ಕೇಳಿ ಖಚಿತಪಡಿಸಿಕೊಂಡಿದ್ದೇನೆಯೇ? ಖಚಿತವಿಲ್ಲದಿದ್ದರೆ “ನಾಳೆ ಕೇಳಿಕೊಂಡು ಬಂದು ಹೇಳುತ್ತೇನೆ” ಎನ್ನಬೇಕು. ಹಾಗೆಂದರೆ ವೀಕ್ಷಣಾ ನಮೂನೆಯಲ್ಲಿ ಒಂದೆರಡು ಅಂಕ ಕಡಿಮೆಯಾಗಬಹುದು, ಆಗಲಿ.

ಬೋಧನಾಭ್ಯಾಸ ಮುಗಿದ ದಿನ ಆ ಹುಡುಗಿ ನೋಟ್‌ಪುಸ್ತಕದ ಕೊನೆಯ ಪುಟ ತೋರಿಸಿದಳು. ನನ್ನ ಹಳೆಯ ಉತ್ತರದ ಮೇಲೆ ಒಂದು ಗೆರೆ ಎಳೆದು, ಕೆಳಗೆ “ಬೂಷ್ಟಿನ ಜೋಳ ಕೋಳಿಗೂ ಬೇಡ, ಹಸುವಿಗೂ ಬೇಡ, ನಮಗೂ ಬೇಡ” ಎಂದು ಬರೆದಿದ್ದಳು. ಅದರ ಪಕ್ಕದಲ್ಲಿ ಸಹಿ ಹಾಕಿ ಎಂದಳು. ಹಾಕಿದೆ.